ಅಲೆ ನಿಲ್ಲುವವರೆಗೆ

ಮಾರ್ಚ್ 2, ಶನಿವಾರ

ಇವತ್ತು ಪಿಯಾನೋ ಹೊಟ್ಟೆಯೊಳಗೆ ಸಿಕ್ಕಿದ್ದು — ಬಟ್ಟೆ ಒಣಹಾಕುವ ಕ್ಲಿಪ್ಪು, ಎರಡು ಬೋಲ್ಟು, ಒಂದು ಚಮಚ. ಚಮಚ ಹೊಸದು, ಹೋದ ವಾರ ಇರಲಿಲ್ಲ. ಎಲ್ಲವನ್ನೂ ತೆಗೆದು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟುಬಂದೆ. ಲೆಕ್ಕದ ಮೇಷ್ಟ್ರು ನೋಡಿ ನಾಚಿಕೊಳ್ಳಲಿ ಅಂತ. ನಾಚಿಕೊಳ್ಳುವ ಪೈಕಿ ಅಲ್ಲ ಅವರು. ವಾರವಿಡೀ ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾರೆ, ಭಾನುವಾರ ಬಂದು ತಂತಿಗಳ ನಡುವೆ ಬೋಲ್ಟು ಸಿಕ್ಕಿಸಿ ನುಡಿಸುತ್ತಾರೆ. ಪ್ರಯೋಗ ಅಂತೆ. ಪ್ರಯೋಗ ಅವರದು, ಸೊಂಟನೋವು ನನ್ನದು.

ಹಾಸಿಗೆ ಅಂಗಡಿಯ ಮೇಲಿನ ಮಹಡಿ ಅದು. ಮೊದಲು ಗೋದಾಮಾಗಿತ್ತು, ಹತ್ತಿಯ ಧೂಳು ಇನ್ನೂ ಹೋಗಿಲ್ಲ. ಮುಚ್ಚಳ ತೆಗೆದರೆ ಸೀನು. ಶನಿವಾರ ನಾನು ಟ್ಯೂನ್ ಮಾಡುವುದು, ಭಾನುವಾರ ಅವರು ನಾಲ್ವರು ಸೇರಿ ಕೆಡಿಸುವುದು. ಹತ್ತಿರ ಹತ್ತಿರ ಒಂದು ವರ್ಷ ಹೀಗೇ ನಡೆದಿದೆ. ಅವರ ಜಾಝ್ ಒಂದು ಸಲವೂ ಕೇಳಿಲ್ಲ. ಮಾವನ ಕಟ್ಟಳೆ — ಜನ ಬರುವ ಹೊತ್ತಿಗೆ ಟ್ಯೂನ್ ಮಾಡುವವರು ಹೋಗಿರಬೇಕು. ನಮ್ಮ ಕೆಲಸ ಸರಿಯಾಗಿದ್ದರೆ ನಾವು ಅಲ್ಲಿದ್ದೆವು ಅನ್ನುವುದೇ ಯಾರಿಗೂ ತಿಳಿಯಬಾರದು.

ಮನೆಗೆ ಬಂದೊಡನೆ ಮಾವನ ವಿಚಾರಣೆ. "ಸ್ವರ ಎಷ್ಟು ಇಳಿದಿತ್ತು?" "ಮೇಲಿನವು ಪೂರಾ ಇಳಿದಿದ್ವು." "ಲಿವರ್ ಒರೆಸಿದ್ಯಾ?" ಒರೆಸಿದ್ದೆ. ಆದರೂ ಕೈಗೆ ತೆಗೆದುಕೊಂಡು ನೋಡಿದರು. ತಂತಿ ಸುತ್ತಿದ ಪಿನ್ನು ತಿರುಗಿಸುವ ಆ ಲಿವರ್ ಅವರದೇ, ಹಿಡಿ ಸವೆದು ಅವರ ಅಂಗೈಯ ಅಳತೆಗೆ ಬಂದಿದೆ. ಕೈ ನಡುಗಲು ಶುರುವಾದ ಮೇಲೆ ನನಗೆ ಕೊಟ್ಟರು. ಹುಟ್ಟಿದ ಮಕ್ಕಳಿಬ್ಬರಿಗೂ ಕೊಡಲಿಲ್ಲ, ಸೊಸೆಗೆ ಕೊಟ್ಟರು. ಈಗಲೂ ಅವರ ಕೈಗೆ ಹೋದರೆ ಲಿವರ್ ನಡುಗುತ್ತದೆ, ನಾನು ಬೇರೆ ಕಡೆ ನೋಡುತ್ತೇನೆ.

ಮಾರ್ಚ್ 3, ಭಾನುವಾರ

ಮಧ್ಯಾಹ್ನ ಚೀಲ ತೆಗೆದು ನೋಡಿದರೆ ರಬ್ಬರ್ ಬೆಣೆ ಇಲ್ಲ. ಒಂದೊಂದು ಸ್ವರಕ್ಕೆ ಮೂರು ಮೂರು ತಂತಿ ಇರುತ್ತವಲ್ಲ, ಒಂದನ್ನು ಶ್ರುತಿಗೆ ಕೂಡಿಸುವಾಗ ಪಕ್ಕದ್ದನ್ನು ಸುಮ್ಮನಿರಿಸಲು ಸಿಕ್ಕಿಸುವ ಬೆಣೆ. ತಂತಿಗಳ ನಡುವೆಯೇ ಬಿಟ್ಟು ಬಂದಿದ್ದೆ. ಟ್ಯೂನರ್ ಬೆಣೆ ಬಿಟ್ಟು ಬಂದರೆ ಡಾಕ್ಟರು ಹೊಟ್ಟೆಯಲ್ಲಿ ಕತ್ತರಿ ಬಿಟ್ಟ ಹಾಗೆ. ಮಾವನಿಗೆ ಏನೂ ಹೇಳದೆ ಓಡಿದೆ.

ಮೆಟ್ಟಿಲ ತನಕ ಜನ. ಮೈದುನ ಡ್ರಮ್ ಹಿಂದೆ ಕೂತಾಗಿದೆ. ನನಗೆ ಇಲ್ಲಿಯ ಟ್ಯೂನಿಂಗ್ ಕೆಲಸ ಕೊಡಿಸಿದವನು ಅವನೇ. ಹಗಲು ಸೈಕಲ್ ಅಂಗಡಿ, ಭಾನುವಾರ ಇದು. ಲೆಕ್ಕದ ಮೇಷ್ಟ್ರು ನನ್ನನ್ನು ಕಂಡು ನಕ್ಕರು. "ನಿಮ್ಮ ಬೆಣೆ ಬಹಳ ಚೆನ್ನಾಗಿದೆ ಕಣ್ರೀ. ಇವತ್ತೊಂದಿನ ಇರ್ಲಿ." ಅಷ್ಟು ಹೇಳಿ ನುಡಿಸಲು ಶುರು ಮಾಡೇಬಿಟ್ಟರು. ಬೆಣೆ ಅಲ್ಲಿ, ನಾನು ಇಲ್ಲಿ. ಮೂಲೆಯಲ್ಲಿ ಕಟ್ಟಿಟ್ಟ ಹಾಸಿಗೆಯ ಮೇಲೆ ಕೂತೆ.

ಮೊದಲು ಹಲ್ಲು ಜುಮ್ಮೆಂದಿತು. ನಿನ್ನೆ ಅಷ್ಟು ಕಷ್ಟಪಟ್ಟು ಕೂಡಿಸಿದ ಸ್ವರಗಳೆಲ್ಲ ಕುಂಟುತ್ತಿವೆ. ಮೈದುನ ಸಿಂಬಲ್ ಮೇಲೆ ಸೈಕಲ್ ಚೈನು ಇಳಿಬಿಟ್ಟು ತಟ್ಟುತ್ತಾನೆ. ಆಳೆತ್ತರದ ಪಿಟೀಲಿನಂಥ ಬೇಸ್ ಹಿಡಿದವರು — ಯಾರ ಹತ್ತಿರವೂ ಮಾತಾಡುವುದಿಲ್ಲ, ಎಲ್ಲರೂ ಮೌನಿ ಅನ್ನುತ್ತಾರೆ — ಕಮಾನನ್ನು ತಂತಿ ಬಿಟ್ಟು ಮರದ ಮೇಲೇ ಎಳೆಯುತ್ತಾರೆ. ಸ್ಯಾಕ್ಸೋಫೋನ್ ಹಿಡಿದ ಹೆಂಗಸು — ಎತ್ತರ ನೋಡಿ ಎಲ್ಲರೂ ಉದ್ದಕ್ಕ ಅನ್ನುತ್ತಾರೆ — ಊದುತ್ತಿದ್ದಾರೆ, ಸ್ವರವೇ ಇಲ್ಲ, ಬರೀ ಗಾಳಿ. ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವರು, ಆರಡಿ ಎತ್ತರ, ಹತ್ತಿರ ಹೋದರೆ ಕ್ಲೋರಿನ್ ವಾಸನೆ. ಎದ್ದು ಹೋಗೋಣ ಅಂದುಕೊಂಡೆ.

ಆಗ ಮೇಷ್ಟ್ರು ಒಂದೇ ಒಂದು ಸ್ವರ ಹಿಡಿದರು. ಉದ್ದಕ್ಕ ಅದಕ್ಕೆ ಕೂಡುವ ಹಾಗೆ ಊದಲಿಲ್ಲ. ಕೂದಲೆಳೆಯಷ್ಟು ಪಕ್ಕಕ್ಕೆ ಊದಿದರು, ಬೇಕೆಂತಲೇ. ಎರಡು ಸ್ವರ ಹೀಗೆ ಅಕ್ಕಪಕ್ಕ ಇದ್ದಾಗ ಗಾಳಿಯಲ್ಲಿ ಒಂದು ಅಲೆ ಏಳುತ್ತದೆ — ವವವವ ಅಂತ ಅದುರುತ್ತದೆ. ಟ್ಯೂನಿಂಗ್ ಅಂದರೆ ಮತ್ತೇನಲ್ಲ, ಆ ಅಲೆ ಕೇಳಿಸಿಕೊಂಡು, ತಂತಿ ಎಳೆದೆಳೆದು ಅದನ್ನು ನಿಧಾನ ಮಾಡಿ, ಕೊನೆಗೆ ನಿಲ್ಲಿಸುವುದು. ಇಷ್ಟು ವರ್ಷ ದಿನವೂ ನಾನು ಕೊಲ್ಲುತ್ತಾ ಬಂದ ಅಲೆ ಅದು. ಈಯಮ್ಮ ಅದಕ್ಕೆ ಉಸಿರು ಕೊಟ್ಟು ಸಾಕುತ್ತಿದ್ದಾರೆ. ಜೋರು ಮಾಡಿದರು, ನಿಧಾನ ಮಾಡಿದರು, ಇನ್ನೇನು ನಿಂತೇಹೋಯಿತು ಅನ್ನುವಾಗ ಮತ್ತೆ ಎಬ್ಬಿಸಿದರು. ಕೋಣೆಯೇ ಅದುರಿದ ಹಾಗಿತ್ತು. ನನಗೆ ಅಳು ಬಂತು. ಯಾಕೆ ಅಂತ ಕೇಳಿದರೆ ಹೇಳಲು ಬಾರದು. ಇಷ್ಟು ಚೆಂದದ್ದನ್ನು ಕೆಟ್ಟದ್ದು ಅಂದುಕೊಂಡಿದ್ದೆನಲ್ಲ ಅನ್ನಿಸಿತು.

ಬೆಣೆ ತರಲು ಮರೆತು ಬಂದೆ. ಎರಡನೇ ಸಲ.

ಮಾರ್ಚ್ 10, ಭಾನುವಾರ

ಪೆಡಲ್ ನೋಡಬೇಕು ಅಂತ ಮಾವನಿಗೆ ಸುಳ್ಳು ಹೇಳಿ ಹೋದೆ. ಜೊತೆಗೆ ಇವರನ್ನೂ ಕರಕೊಂಡು ಹೋದೆ. ಇವರಿಗೆ ಸಂಗೀತ, ಫ್ಯಾನಿನ ಸದ್ದು ಎರಡೂ ಒಂದೇ. ಟ್ಯೂನರ್ ಮನೆಯಲ್ಲಿ ಹುಟ್ಟಿ ಕೋಲ್ಡ್ ಸ್ಟೋರೇಜಿನ ಆಫೀಸು ಸೇರಿದ್ದು ಸುಮ್ಮನೆ ಅಲ್ಲ. ಕೂತ ಸ್ವಲ್ಪ ಹೊತ್ತಿಗೇ ತೂಕಡಿಕೆ. ಆಮೇಲೆ ಗೊರಕೆ. ನಾನು ಮೊಣಕೈಯಲ್ಲಿ ತಿವಿಯುವಷ್ಟರಲ್ಲಿ ಮೌನಿಯವರ ಕಮಾನು ಗೊರಕೆಗೆ ಸರಿಯಾಗಿ ಇಳಿಯಿತು. ಇವರು ಉಸಿರು ಎಳೆದಾಗ ಮೇಲಕ್ಕೆ, ಬಿಟ್ಟಾಗ ಕೆಳಕ್ಕೆ. ಮೈದುನ ಡ್ರಮ್ ಸವರುವ ಬ್ರಷ್ ಹಿಡಿದು ಸೇರಿಕೊಂಡ — ಅಣ್ಣನ ಗೊರಕೆ ಅವನಿಗೆ ಚಿಕ್ಕಂದಿನಿಂದ ಪರಿಚಯ. ಉದ್ದಕ್ಕ ಮೇಲೆ ಒಂದು ಸಣ್ಣ ಎಳೆ ಊದಿದರು. ಯಾರೂ ನಗಲಿಲ್ಲ. ನಿಜಕ್ಕೂ ಚೆನ್ನಾಗಿತ್ತು. ಮಲಗಿದ ಮನುಷ್ಯನ ಬಗ್ಗೆ ಅಷ್ಟು ಮರ್ಯಾದೆ ನಾನೇ ಎಂದೂ ತೋರಿಸಿಲ್ಲ.

ಇದು ಅವರ ಪದ್ಧತಿಯಂತೆ. ಕೋಣೆಯಲ್ಲಿ ಆಗುವ ಸದ್ದು ಯಾವುದಾದರೂ ಸರಿ — ಕುರ್ಚಿ ಕಿರುಗುಟ್ಟಿದರೂ, ಕೆಳಗೆ ಲಾರಿ ಹಾರ್ನ್ ಹೊಡೆದರೂ — ಅದೂ ಸಂಗೀತದ ಲೆಕ್ಕಕ್ಕೆ. ಯಾರು ಸದ್ದು ಮಾಡಿದರೋ ಅವರು ಆ ಹೊತ್ತಿಗೆ ಗುಂಪಿನವರು. ಮೊದಲೇ ಏನೂ ಗೊತ್ತು ಮಾಡಿಕೊಂಡಿರುವುದಿಲ್ಲ. ಆಮೇಲೆ ಅದರ ಬಗ್ಗೆ ಮಾತೂ ಆಡುವುದಿಲ್ಲ.

ಚಪ್ಪಾಳೆಗೆ ಇವರು ಎಚ್ಚರಗೊಂಡು, "ಮುಗೀತಾ? ಪರವಾಗಿಲ್ಲ, ಚೆನ್ನಾಗಿ ನುಡಿಸ್ತಾರೆ" ಅಂದರು.

ಮಾರ್ಚ್ 17, ಭಾನುವಾರ

ಆದದ್ದು ಆದ ಹಾಗೆ ಬರೆಯುತ್ತೇನೆ.

ನಿನ್ನೆ ಮಹಡಿಯ ಹಾಲ್‌ಗೆ ಬೇರೆ ಯಾರೋ ಬಾಡಿಗೆಗೆ ಬಂದಿದ್ದರು, ಟ್ಯೂನಿಂಗ್ ಇವತ್ತಿಗೆ ಬಿತ್ತು. ಮೇಲಿನ ಸಾಲಿನಲ್ಲಿ ಒಂದು ತಂತಿ ಮಾತೇ ಕೇಳಲಿಲ್ಲ. ಕೂಡಿಸಿ ಕೈಬಿಟ್ಟರೆ ಇಳಿಯುತ್ತದೆ. ತಲೆ ಪಿಯಾನೋ ಒಳಗೆ, ಹೊತ್ತು ಹೋದದ್ದು ತಿಳಿಯಲಿಲ್ಲ. ಹಿಂದೆ ಕುರ್ಚಿಗಳ ಸದ್ದು. ಜನ ಬಂದುಬಿಟ್ಟಿದ್ದಾರೆ. ಮಾವ ಹೇಳುವುದು ಇದನ್ನೇ. ಇದೊಂದು ಮುಗಿಸಿ ಓಡಿಬಿಡೋಣ ಅಂತ ಸ್ವರ ಒತ್ತುತ್ತಾ ಲಿವರ್ ತಿರುಗಿಸುತ್ತಿದ್ದೆ. ಅಲೆ ಜೋರಾಗಿತ್ತು, ನಿಧಾನಕ್ಕೆ ಇಳಿಯುತ್ತಿತ್ತು.

ಆಗ ನನ್ನ ಅಲೆಯ ಪಕ್ಕದಲ್ಲಿ ಇನ್ನೊಂದು ಬಂತು. ಉದ್ದಕ್ಕ. ಆಮೇಲೆ ಬ್ರಷ್ — ಅಲೆ ಎಷ್ಟು ಬೇಗವೋ ಅಷ್ಟೇ ಬೇಗ, ನಾನು ನಿಧಾನ ಮಾಡಿದರೆ ಅದೂ ನಿಧಾನ. ಕೈ ತೆಗೆದೆ. ತಕ್ಷಣ ಎಲ್ಲ ನಿಂತಿತು. ಕೋಣೆ ತುಂಬ ಜನ ನನ್ನನ್ನೇ ನೋಡುತ್ತಿದ್ದಾರೆ.

ಉದ್ದಕ್ಕ ಬಗ್ಗಿ ಕಿವಿಯ ಹತ್ತಿರ, "ಯಾಕ್ರೀ ನಿಲ್ಸಿದ್ರಿ?"

"ನೀವು ಶುರು ಮಾಡಿದ್ರಲ್ಲ."

"ಶುರು ಮಾಡಿದ್ದು ನೀವು."

"ನಾನು ಟ್ಯೂನ್ ಮಾಡ್ತಿದ್ದೆ ಅಷ್ಟೇ."

"ಮಾಡಿ ಮತ್ತೆ. ಅದಕ್ಕೇ ಕಾಯ್ತಾ ಇದೀವಿ."

ಓಡಿಹೋಗಬಹುದಿತ್ತು. ಬಾಗಿಲು ದೂರವೇನಲ್ಲ. ಓಡಲಿಲ್ಲ. ಲಿವರ್ ಇಟ್ಟೆ, ಸ್ವರ ಒತ್ತಿದೆ. ದಿನವೂ ಮಾಡುವ ಕೆಲಸವೇ. ಆದರೆ ಎಳೆದ ಒಂದೊಂದು ಎಳೆತಕ್ಕೂ ನಾಲ್ಕು ಕಡೆಯಿಂದ ಉತ್ತರ ಬರುತ್ತಿತ್ತು. ಅಲೆ ನಿಲ್ಲುವ ಹೊತ್ತಿಗೆ ಅವರೂ ನನ್ನ ಜೊತೆ ಸಣ್ಣಗಾಗುತ್ತಾ ಬಂದು, ನಿಂತಾಗ ಒಂದೇ ಒಂದು ಸ್ವರ ಉಳಿಯಿತು. ನೀರು ತಿಳಿಯಾದ ಹಾಗೆ. ಮೇಷ್ಟ್ರು ಪಕ್ಕದಲ್ಲಿ ಬಂದು ಕೂತು ಅಲ್ಲಿಂದಲೇ ಮುಂದಕ್ಕೆ ಹೋದರು. ನಾನು ಮೂಲೆಯ ಹಾಸಿಗೆಗೆ ಬಂದು ಕೂತೆ.

ಮೂವತ್ತು ಜನ ಇದ್ದಿರಬೇಕು. ಮೂವತ್ತು ಜನ ಅಲೆ ನಿಲ್ಲುವುದನ್ನು ಕೇಳಿದರು. ಇದುವರೆಗೆ ನಾನೊಬ್ಬಳೇ ಕೇಳುತ್ತಿದ್ದೆ.

ಮಾರ್ಚ್ 18, ಸೋಮವಾರ

ಮಾವನಿಗೆ ಹೇಳಿಲ್ಲ. ಹೇಳಬೇಕು.

ಮಾರ್ಚ್ 24, ಭಾನುವಾರ

ಮೈದುನ ಊಟಕ್ಕೆ ಬಂದವನು ಬಾಯಿಬಿಟ್ಟ. ಅವನ ಹೊಟ್ಟೆಯಲ್ಲಿ ಯಾವ ಮಾತು ನಿಂತಿದೆ. ಹೊಳೆಯ ಆಚೆಯ ದೊಡ್ಡ ಸಭಾಂಗಣದಲ್ಲಿ ಏಪ್ರಿಲ್ ಇಪ್ಪತ್ತೊಂದಕ್ಕೆ ಅವರ ಗುಂಪಿಗೆ ಕರೆ ಬಂದಿದೆಯಂತೆ. ರೆಕಾರ್ಡಿಂಗ್ ಕೂಡ. "ಅತ್ತಿಗೆ ಇಲ್ದಿದ್ರೆ ಆಗಲ್ಲ ಅಂತ ಉದ್ದಕ್ಕ ಹಟ ಹಿಡ್ದು ಕೂತುಬಿಟ್ಟಿದಾರೆ. ಅವತ್ತು ಅತ್ತಿಗೆ ಶುರು ಮಾಡಿದ್ರಲ್ಲ, ಹಾಗೇ ವೇದಿಕೆ ಮೇಲೆ ಟ್ಯೂನ್ ಮಾಡ್ತಾ ಶುರು ಮಾಡ್ಬೇಕಂತೆ."

ಮಾವನ ಚಮಚ ತಟ್ಟೆಗೆ ತಗಲಿ ಟಣಟಣ ಅಂದಿತು. ಕೈ ನಡುಕವೋ ಸಿಟ್ಟೋ ಗೊತ್ತಾಗಲಿಲ್ಲ. "ಅವತ್ತು ಅಂದ್ರೆ ಯಾವತ್ತು?"

ಹೇಳಿದೆ. ಒಂದೂ ಬಿಡದೆ.

ಮಾವ ಕೂಗಾಡುವವರಲ್ಲ. ಬಾಯಿ ಒರೆಸಿಕೊಂಡು ಹೇಳಿದರು. "ನೋಡಮ್ಮ. ನಿಂಗಿಷ್ಟ ಇದ್ರೆ ಹೋಗು. ನಾನು ತಡಿಯೋನಲ್ಲ. ಆದ್ರೆ ನನ್ನ ಲಿವರ್ ವೇದಿಕೆ ಹತ್ತಲ್ಲ. ಅರ್ಧ ಕೂಡಿದ ತಂತೀನ ಜನರ ಮುಂದೆ ಹಿಡಿಯೋದು ಅಂದ್ರೆ ಕೆಲಸ ಬರಲ್ಲ ಅಂತ ಡಂಗುರ ಹೊಡ್ದ ಹಾಗೆ. ಬೇಕಾ ಅದು, ಬೇಡ್ವಾ — ನೀನೇ ಯೋಚ್ನೆ ಮಾಡು."

ಲಿವರ್ ತೆಗೆದುಕೊಂಡು ಒಳಗೆ ಹೋದರು. ಬಾಗಿಲು ಹಾಕಿಕೊಂಡ ಸದ್ದೂ ಆಗಲಿಲ್ಲ.

ಮೈದುನ ತಲೆ ತಗ್ಗಿಸಿ, "ನಾನು ಬಾಯಿ ಬಿಡಬಾರದಿತ್ತು" ಅಂದ. ಈಗ ಹೇಳುತ್ತಾನೆ.

ಏಪ್ರಿಲ್ 6, ಶನಿವಾರ

ಎರಡು ವಾರದಿಂದ ಬರೆಯಲು ಮನಸ್ಸೇ ಬಂದಿಲ್ಲ. ಮನೆಯಲ್ಲಿ ಮಾವನ ಮಾತು ಇವರ ಮೂಲಕ ಓಡಾಡುತ್ತಿದೆ. "ಅವಳಿಗೆ ಹೇಳು, ಚಹಾ ತಣ್ಣಗಾಯ್ತು." ನಾನು ಎದುರಿಗೇ ನಿಂತಿರುತ್ತೇನೆ. ಇವರು ನನ್ನ ಕಡೆ ತಿರುಗಿ, "ಚಹಾ ತಣ್ಣಗಾಯ್ತಂತೆ." ನಾನು, "ಬಿಸಿ ಮಾಡಿಕೊಡ್ತೀನಿ ಅನ್ನಿ." ಇವರು ಅತ್ತ ತಿರುಗಿ, "ಬಿಸಿ ಮಾಡ್ತಾಳಂತೆ." ನಿನ್ನೆ ಇವರಿಗೂ ರೇಗಿತು. "ನಾನೇನು ಟೆಲಿಫೋನ್ ತಂತೀನಾ? ನನ್ನನ್ನೂ ಒಂದ್ಸಲ ಟ್ಯೂನ್ ಮಾಡ್ಬಿಡಿ." ಮಾವನ ಮೀಸೆ ಅಲುಗಿತು. ನಗಲಿಲ್ಲ ಮಾತ್ರ.

ಹೊಸ ಲಿವರ್ ಕೊಂಡೆ. ಹೊಳೆಯುತ್ತದೆ, ಹಗುರ, ಹಿಡಿ ಪ್ಲಾಸ್ಟಿಕ್. ಪಿನ್ನಿನ ತಲೆಯ ಮೇಲೆ ಸರಿಯಾಗಿ ಕೂರುವುದಿಲ್ಲ, ಎಳೆದರೆ ಎಷ್ಟು ತಿರುಗಿತು ಅಂತ ಕೈಗೆ ತಿಳಿಯುವುದಿಲ್ಲ. ಹಾಸಿಗೆ ಅಂಗಡಿಯ ಪಿಯಾನೋದಲ್ಲಿ ಇವತ್ತು ಒಂದು ತಂತಿ ಟಪ್ ಅಂತ ಕಡಿಯಿತು. ನನ್ನ ಕೈಯಲ್ಲಿ ತಂತಿ ಕಡಿದು ಎಷ್ಟು ಕಾಲವಾಗಿತ್ತೋ.

ಬಿಟ್ಟುಬಿಡೋಣ ಅನ್ನಿಸುತ್ತದೆ. ಮಾವ ನನಗೆ ಕಿವಿ ಕೊಟ್ಟವರು. ಮದುವೆಯಾಗಿ ಬಂದಾಗ ಅಲೆ ಅಂದರೆ ಏನು ಅಂತಲೂ ಗೊತ್ತಿರಲಿಲ್ಲ ನನಗೆ. ವರ್ಷವಿಡೀ ಪಕ್ಕದಲ್ಲಿ ಕೂರಿಸಿಕೊಂಡು, "ಈಗ ಕೇಳಿಸ್ತಾ? ಈಗ?" ಅಂತ ಕೇಳಿದವರು. ಅವರ ಮನಸ್ಸು ನೋಯಿಸಿ ಯಾವ ಸಂಗೀತ?

ಬಿಡಲೂ ಮನಸ್ಸಿಲ್ಲ. ಆ ಹದಿನೇಳನೇ ತಾರೀಖು ಕಣ್ಣು ಮುಚ್ಚಿದರೆ ಬರುತ್ತದೆ. ಅಲ್ಲಿ ನಾನು ಇದ್ದೆ. ಅದೇ ಕೆಲಸ, ಅದೇ ಕೈ, ಆದರೆ ನಾನೂ ಇದ್ದೆ. ಇನ್ನೊಂದು ಸಲ ಇರಬೇಕು. ಮಾವನ ಒಪ್ಪಿಗೆಯೂ ಬೇಕು. ಎರಡೂ ಬೇಕು ಅನ್ನುವುದು ಆಸೆಬುರುಕತನವಿರಬಹುದು.

ಏಪ್ರಿಲ್ 13, ಶನಿವಾರ

ಉದ್ದಕ್ಕ ಮನೆಗೇ ಬಂದರು. ಹೇಳದೆ ಕೇಳದೆ. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರಬೇಕಾಯಿತು. ನೇರ ಮಾವನ ಎದುರು ಹೋಗಿ ಕೂತರು.

"ನಿಮ್ಮ ಸೊಸೇನ ಕಳಿಸಿ ಅಂತ ಕೇಳೋಕೆ ಬಂದಿದೀನಿ."

"ಅವಳನ್ನ ಯಾರೂ ಕಟ್ಟಿಹಾಕಿಲ್ಲ."

"ಲಿವರ್ ಕಟ್ಟಿಹಾಕಿದೀರಂತಲ್ಲ."

ನಾನು ಅಡುಗೆಮನೆಯಲ್ಲೇ ನಿಂತೆ. ಇವರು ಪೇಪರ್ ಎತ್ತಿ ಮುಖ ಮುಚ್ಚಿಕೊಂಡರು.

ಮಾವ ಸಮಾಧಾನವಾಗಿಯೇ ಹೇಳಿದರು. "ಐವತ್ತು ವರ್ಷ ಈ ಕೆಲಸ ಮಾಡ್ದೆ. ದೊಡ್ಡ ದೊಡ್ಡವರು ನುಡಿಸೋ ಪಿಯಾನೋ ಕೂಡಿಸಿಟ್ಟು ಹಿಂದಿನ ಬಾಗ್ಲಿಂದ ಹೊರಟುಹೋಗ್ತಿದ್ದೆ. ಅಲ್ಲಿ ಒಬ್ಬ ಮನುಷ್ಯ ಇದ್ದ ಅಂತ ಯಾರಿಗೂ ಅನ್ನಿಸ್ಲಿಲ್ಲ. ಅದೇ ನನ್ನ ಕೆಲಸ ಚೆನ್ನಾಗಿತ್ತು ಅನ್ನೋದಕ್ಕೆ ಸಾಕ್ಷಿ."

"ಒಂದ್ಸಲಾನೂ ಕೂತು ಕೇಳ್ಲಿಲ್ವಾ?"

"ಇಲ್ಲ."

"ಐವತ್ತು ವರ್ಷ ಅಡುಗೆ ಮಾಡಿ ಒಂದು ತುತ್ತೂ ತಿನ್ನದೆ ಎದ್ದುಬಂದ್ರಾ?"

ಉದ್ದಕ್ಕ ಇನ್ನೊಂದು ಮಾತು ಹೇಳಿದರು. ನೀವು ಮಾಡಿದ ಸ್ವರಗಳು ನಮ್ಮ ಹತ್ರ ಬರೋ ಹೊತ್ತಿಗೆ ತಣ್ಣಗಾಗಿರ್ತವೆ, ಬಿಸಿ ಇರೋವಾಗ ಹೇಗಿರುತ್ತೆ ಅಂತ ಅವತ್ತು ಮೊದಲ ಸಲ ಕೇಳಿದೆ, ಅಂತ. ಚಹಾ ಕುಡಿದು ಹೊರಟರು. ಹೋಗುವಾಗ ಬಾಗಿಲಿಗೆ ತಲೆ ಬಡಿಯಿತು. ಆ ಸದ್ದಿಗೆ ಮಾವ ಕತ್ತೆತ್ತಿ ನೋಡಿದರು.

ಸಂಜೆ ಮಾವ ನೇರವಾಗಿ ನನಗೇ ಹೇಳಿದರು. "ಆಯಮ್ಮನ ಕಪ್ ತೊಳೆದಿಡು." ಇಷ್ಟು ದಿನದಲ್ಲಿ ಮೊದಲ ಮಾತು. ಲಿವರ್ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಏಪ್ರಿಲ್ 21, ಭಾನುವಾರ. ಮಧ್ಯಾಹ್ನ

ಹೊರಟಿದ್ದೇನೆ. ಹೊಸ ಲಿವರ್ ಚೀಲದಲ್ಲಿದೆ. ಮಾವನಿಗೆ ಹೇಳಿಬರಲು ಹೋದೆ. ಕಿಟಕಿಯ ಕಡೆ ಮುಖ. "ಬರ್ತೀರಾ ಮಾವ?" ಅಂದೆ. "ಮಂಡಿ ನೋವು" ಅಂದರು. ಅಷ್ಟೇ.

ಏಪ್ರಿಲ್ 22, ಸೋಮವಾರ. ಬೆಳಗ್ಗೆ

ಕೆಲಸಕ್ಕೆ ರಜೆ ಹಾಕಿ ಬರೆಯಲು ಕೂತಿದ್ದೇನೆ. ಮರೆಯಬಾರದು.

ಸಭಾಂಗಣ ದೊಡ್ಡದು, ಕೆಂಪು ಕುರ್ಚಿ, ತುಂಬ ಜನ. ಪಿಯಾನೋ ಕನ್ನಡಿಯ ಹಾಗೆ ಕಪ್ಪಗೆ, ನನ್ನ ಮುಖ ನನಗೇ ಕಂಡಿತು. ಒಂದು ಸ್ವರವನ್ನು ಬೇಕೆಂತಲೇ ಇಳಿಸಿಟ್ಟಿದ್ದೆ, ಅಲ್ಲಿಂದ ಶುರು ಮಾಡುವುದು ಅಂತ. ದೀಪ ಸಣ್ಣಗಾಯಿತು. ಸ್ವರ ಒತ್ತಿದೆ. ಅಲೆ ಎದ್ದಿತು. ಉದ್ದಕ್ಕ ಸೇರಿಕೊಂಡರು, ಮೌನಿ ಕೆಳಗಿನಿಂದ ಒಂದು ಗುಂಗು ಹಿಡಿದರು, ಮೈದುನನ ಬ್ರಷ್. ಚೆನ್ನಾಗಿ ಹೋಗುತ್ತಿತ್ತು.

ಆಮೇಲೆ ಪಿನ್ನು ಕೈಕೊಟ್ಟಿತು. ಬಹಳ ಬಿಗಿ. ಹಗುರ ಲಿವರ್ ಅದರ ಮೇಲೆ ಜಾರುತ್ತದೆ. ಎಳೆದರೆ ತಂತಿ ದಾಟಿಹೋಗುತ್ತದೆ, ಬಿಟ್ಟರೆ ಹಿಂದಕ್ಕೆ ಬರುತ್ತದೆ. ಅಲೆ ನಿಲ್ಲುತ್ತಲೇ ಇಲ್ಲ. ಮೈಯೆಲ್ಲ ಬೆವರು. ಜನ ಕಣ್ಣು ಮುಚ್ಚಿ ಆನಂದಪಡುತ್ತಿದ್ದಾರೆ. ಉದ್ದಕ್ಕನಿಗೆ ಕೂಡ ನಾನು ಬೇಕೆಂತ ಮಾಡುತ್ತಿದ್ದೇನೆ ಅಂತಲೇ ಅನ್ನಿಸಿರಬೇಕು, ಇನ್ನಷ್ಟು ಹುರುಪಿನಿಂದ ಊದಿದರು. ಅಷ್ಟು ಜನರ ನಡುವೆ ನಾನು ಸಿಕ್ಕಿಹಾಕಿಕೊಂಡಿದ್ದೇನೆ ಅಂತ ಒಬ್ಬರಿಗೂ ತಿಳಿಯಲಿಲ್ಲ.

ಒಬ್ಬರನ್ನು ಬಿಟ್ಟು. ಹಿಂದಿನ ಸಾಲಿನಲ್ಲಿ ಯಾರೋ ಎದ್ದ ಸದ್ದು. ನೋಡಿದರೆ ಮಾವ. ಇವರು ಮುಂದಿನ ಬಸ್ಸಿಗೆ ಕರಕೊಂಡು ಬಂದಿದ್ದರಂತೆ, ನನಗೆ ಹೇಳಬೇಡ ಅಂತ ಮಾವನೇ ಅಂದಿದ್ದರಂತೆ. ಕುರ್ಚಿಯ ಬೆನ್ನು ಹಿಡಿದುಕೊಂಡು ನಡುದಾರಿಯಲ್ಲಿ ನಡೆದು ಬರುತ್ತಿದ್ದಾರೆ. ಬಾಗಿಲು ಕಾಯುವ ಹೆಂಗಸು ತಡೆಯಲು ಹೋದರೆ, "ಬಿಡಮ್ಮ, ಅಲ್ಲಿ ಹುಡುಗಿ ಒದ್ದಾಡ್ತಿದಾಳೆ" ಅಂದರಂತೆ. ನನಗೆ ನಲವತ್ತಾರು. ವೇದಿಕೆಯ ಮೆಟ್ಟಿಲು ಹತ್ತಿ ನನ್ನ ಪಕ್ಕ ಬಂದು, ಕೋಟಿನ ಒಳಜೇಬಿನಿಂದ ಲಿವರ್ ತೆಗೆದರು. ಅವರದು.

"ಸರಿ, ಆಚೆ ಸರಿ."

ಸರಿದೆ. ನುಡಿಸುವವರಾರೂ ನಿಲ್ಲಿಸಲಿಲ್ಲ. ಅವರ ಪದ್ಧತಿಯಲ್ಲಿ ಮಾವ ಆಗಲೇ ಗುಂಪಿನವರು. ಆದರೆ ಮಾವನಿಗೆ ಅದು ಹೇಗೆ ಗೊತ್ತಿರಬೇಕು? ಅವರು ಬಂದದ್ದು ತಂತಿ ಸರಿಮಾಡಲು. ಲಿವರ್ ಪಿನ್ನಿನ ಮೇಲೆ ಇಟ್ಟು, ಸ್ವರ ಒತ್ತಿ, ಕಿವಿ ಹತ್ತಿರ ತಂದರು. ಆಮೇಲೆ ತಿರುಗಿ, ಯಾರದೋ ಮನೆಯಲ್ಲಿ ಗಲಾಟೆ ಮಾಡುವ ಮಕ್ಕಳಿಗೆ ಹೇಳುವ ಹಾಗೆ, "ಸ್ವಲ್ಪ ಸುಮ್ನಿರ್ತೀರಾ? ನಂಗೆ ಕೇಳಿಸ್ತಿಲ್ಲ" ಅಂದರು. ನುಡಿಸುವವರಿಗೂ ಸೇರಿಸಿ, ಕೂತವರಿಗೂ ಸೇರಿಸಿ.

ಇಡೀ ಸಭಾಂಗಣ ಸುಮ್ಮನಾಯಿತು. ಅಂಥ ನಿಶ್ಶಬ್ದವನ್ನು ನಾನು ಎಲ್ಲೂ ಕೇಳಿಲ್ಲ. ಯಾರೂ ಕೆಮ್ಮಲಿಲ್ಲ. ಅಷ್ಟು ಜನ, ಒಬ್ಬ ಮುದುಕ ಕೇಳಿಸಿಕೊಳ್ಳುವುದನ್ನು ಕೇಳಿಸಿಕೊಳ್ಳುತ್ತಾ ಕೂತರು.

ಮಾವ ಎಳೆದರು. ಕೈ ನಡುಗಿತು. ಕೈ ನಡುಗಿದ ಹಾಗೆ ಲಿವರ್, ಲಿವರ್ ನಡುಗಿದ ಹಾಗೆ ತಂತಿ. ಅಲೆ ಒಮ್ಮೆ ಬೇಗ, ಒಮ್ಮೆ ನಿಧಾನ, ಯಾರ ಕೈಗೂ ಬೇಕೆಂದರೂ ಬರದ ಒಂದು ತೂಗಾಟ. ಈ ಕೈಯನ್ನು ಜನ ನೋಡಬಾರದು ಅಂತಲೇ ಅಲ್ಲವೇ ಅವರು ಮನೆ ಹಿಡಿದದ್ದು.

ಸುಮ್ಮನಿರಿ ಅಂದ ಮಾವನ ಮಾತನ್ನು ಉದ್ದಕ್ಕ ಮೀರಿದರು. ಬಹಳ ಮೆತ್ತಗೆ ಊದಿದರು, ಆ ನಡುಕಕ್ಕೆ ಸರಿಯಾಗಿ. ಅಣಕಿಸಿದ ಹಾಗಲ್ಲ. ಕೈ ಹಿಡಿದುಕೊಂಡು ರಸ್ತೆ ದಾಟಿಸುವವರು ನಡಿಗೆಗೆ ನಡಿಗೆ ಕೂಡಿಸುತ್ತಾರಲ್ಲ, ಹಾಗೆ. ಮಾವ ಕತ್ತೆತ್ತಿದರು. ಉದ್ದಕ್ಕ ನಿಲ್ಲಿಸಿದರು. ಮಾವ ತಮ್ಮ ಕೈ ನೋಡಿಕೊಂಡರು. ಮತ್ತೆ ಎಳೆದರು. ಉದ್ದಕ್ಕ ಮತ್ತೆ ಬಂದರು, ಜೊತೆಗೆ ಮೈದುನನ ಬ್ರಷ್ಷೂ ಬಂತು. ಅಪ್ಪನ ಕೈ ನಡುಗುವ ಲಯ ಅದು, ಅವನು ಕಣ್ಣು ತೆಗೆಯದೆ ನೋಡುತ್ತಿದ್ದ, ಕೆನ್ನೆ ಒದ್ದೆಯಾಗಿತ್ತು. ಮೌನಿ ಕೆಳಗೆ ನೆಲ ಹಾಸಿದ ಹಾಗೆ ಒಂದೇ ಸ್ವರ ಹಿಡಿದರು. ಮಾವ ಮೂರನೇ ಸಲ ತಿರುಗಿಸಿದಾಗ ನನಗೆ ತಿಳಿದುಹೋಯಿತು. ಅವರು ಈಗ ತಂತಿ ಕೂಡಿಸುತ್ತಿಲ್ಲ. ಕೂಡುವ ಜಾಗ ಎರಡು ಸಲ ಬಂದುಹೋಯಿತು, ಎರಡು ಸಲವೂ ಬೇಕೆಂತಲೇ ದಾಟಿಸಿದರು.

ಎಷ್ಟು ಹೊತ್ತು ಹಾಗೆ ನಡೆಯಿತೋ. ನಾನು ಕೇಳಿದ ಸಂಗೀತದಲ್ಲೆಲ್ಲ ಅದರಂಥದ್ದು ಇಲ್ಲ. ಇನ್ನು ಮುಂದೆ ಕೇಳಿಸುತ್ತದೆ ಅಂತಲೂ ಅನ್ನಿಸುವುದಿಲ್ಲ.

ಆಮೇಲೆ ಮಾವ ನನ್ನ ಕಡೆ ತಿರುಗಿ ಲಿವರ್ ಚಾಚಿದರು. "ಹಿಡಿ. ಇನ್ನು ನೀನು ಕೂಡಿಸು. ನಾನು ಸ್ವರ ಒತ್ತುತೀನಿ."

ಅವರು ಒತ್ತಿದರು, ನಾನು ಎಳೆದೆ. "ಈಗ ಕೇಳಿಸ್ತಾ?" ಅಂತ ಮೆಲ್ಲಗೆ ಕೇಳಿದರು. ಕೇಳಿಸುತ್ತಿತ್ತು. ಅಲೆ ಉದ್ದವಾಗುತ್ತಾ ಹೋಯಿತು, ಬ್ರಷ್ ನಿಧಾನವಾಯಿತು, ಒಬ್ಬೊಬ್ಬರಾಗಿ ಬಿಟ್ಟುಕೊಟ್ಟರು. ನಿಂತಿತು. ಸ್ವರ ಒಂದೇ ಉಳಿಯಿತು, ಅದೂ ತಾನಾಗಿ ಆರುವ ತನಕ ಯಾರೂ ಕೈ ಎತ್ತಲಿಲ್ಲ. ಮೇಷ್ಟ್ರು ಕೂಡಲೇ ಪಿಯಾನೋ ಮುಟ್ಟಲಿಲ್ಲ. ಇದಾದ ಮೇಲೆ ಏನು ನುಡಿಸೋದ್ರೀ, ಅಂದರು. ಆಮೇಲೆ ನುಡಿಸಿದರು ಅನ್ನಿ, ಜನ ಟಿಕೆಟ್ ಕೊಂಡಿದ್ದರಲ್ಲ.

ಮಾವ ಹಿಂದಿನ ಬಾಗಿಲಿಂದ ಹೋಗಲಿಲ್ಲ. ವೇದಿಕೆಯ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೊನೆಯ ತನಕ ಕೂತರು. ಚಪ್ಪಾಳೆ ಬಿದ್ದಾಗ ಅದು ತಮಗೂ ಅಂತ ತಿಳಿಯದೆ ತಾವೂ ಜೋರಾಗಿ ಚಪ್ಪಾಳೆ ತಟ್ಟಿದರು.

ಬಸ್ಸಿನಲ್ಲೇ ವಾಪಸ್ ಬಂದೆವು. ಇಳಿಯುವ ಸ್ಟಾಪು ಬಂದಾಗ ಮಾವ ಅಂದರು, "ಆಯಮ್ಮನಿಗೆ ಕಿವಿ ಇದೆ." ಐವತ್ತು ವರ್ಷದಲ್ಲಿ ಅವರು ಈ ಮಾತನ್ನು ಎಷ್ಟು ಜನಕ್ಕೆ ಹೇಳಿರಬಹುದು. ನನಗೆ ಗೊತ್ತಿರುವ ಹಾಗೆ ಒಬ್ಬರಿಗೂ ಇಲ್ಲ, ನನ್ನನ್ನೂ ಸೇರಿಸಿ. ಲಿವರ್ ನನ್ನ ಚೀಲದಲ್ಲೇ ಇದೆ. ವಾಪಸ್ ಕೇಳಲಿಲ್ಲ.

ಏಪ್ರಿಲ್ 27, ಶನಿವಾರ

ಹಾಸಿಗೆ ಅಂಗಡಿಗೆ ಟ್ಯೂನಿಂಗ್‌ಗೆ ಹೊರಟರೆ ಮಾವ ಆಗಲೇ ಬೂಟು ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದಾರೆ. "ಮಂಡಿ ನೋವು?" ಅಂದೆ. "ಅದು ಹೋದ ವಾರ" ಅಂದರು. ಇವರು ಪೇಪರಿನ ಹಿಂದೆ ನಕ್ಕಿದ್ದು ಕೇಳಿಸಿತು.

ಈಗ ಪಿಯಾನೋ ಪಕ್ಕದಲ್ಲಿ ಕೂತೇ ಬರೆಯುತ್ತಿದ್ದೇನೆ. ಕೆಲಸ ಹತ್ತಿರ ಹತ್ತಿರ ಮುಗಿದಿದೆ. ಮಾವ ಹಾಸಿಗೆ ಮೂಟೆಯ ಮೇಲೆ ಕೂತು ಒಂದೊಂದನ್ನೂ ಕೇಳಿ ತಲೆ ಆಡಿಸಿದರು. ಒಂದೆರಡು ಸಲ ಸೀನಿದರು. ಕೊನೆಯದಕ್ಕೆ ಲಿವರ್ ಇಟ್ಟಾಗ ಕೈ ಅಡ್ಡ ಮಾಡಿದರು.

"ಒಂದು ತಂತಿ ಬಿಟ್ಟಿಡೋಣ ಕಣಮ್ಮ. ನಾಳೆ ಜನ ಬಂದ ಮೇಲೆ ಮಾಡಿದ್ರಾಯ್ತು."

ನನ್ನ ಕಿವಿಯನ್ನೇ ನಂಬಲಿಲ್ಲ ನಾನು. ಜೀವಮಾನವಿಡೀ ಒಂದು ತಂತಿ ಬಿಟ್ಟು ಎದ್ದವರಲ್ಲ. ಇದನ್ನೇ ಬಿಡೋಣವಾ ಅಂದೆ. ಇದು ಬೇಡವಂತೆ, ಇದು ಬಹಳ ಸಾಧು, ಇದರಲ್ಲಿ ಏನೂ ಹುಟ್ಟುವುದಿಲ್ಲವಂತೆ. ಎದ್ದು ಬಂದು ಪಿಯಾನೋ ಒಳಗೆ ಬಗ್ಗಿ, ಒಂದೊಂದೇ ತಂತಿಯನ್ನು ಉಗುರಿನಿಂದ ಮೀಟಿ ನೋಡುತ್ತಿದ್ದಾರೆ. ಬಹಳ ಹೊತ್ತಿನಿಂದ. ಈಗ ಒಂದರ ಮೇಲೆ ಬೆರಳಿಟ್ಟು ನನ್ನನ್ನು ಕರೆದು, "ಇದು. ಈಗ ಕೇಳಿಸ್ತಾ?" ಅನ್ನುತ್ತಿದ್ದಾರೆ.